ಅಟ್ಟದ ಮೇಲಿನ ಬೊಲಿವಿಯಾ

ಬೊಲಿವಿಯಾದಲ್ಲಿ ಸರ್ಕಾರ ಅಲ್ಲಾಡಿದರೆ ಮೊದಲು ತಿಳಿಯುವುದು ಚೇಳೂರಿನ ನಮ್ಮ ದೊಡ್ಡಪ್ಪನಿಗೆ! ನಂಬುವುದಿಲ್ಲವೇ? ತುಮಕೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ನಾನೇ ಆ ದೇಶದ ಪಾಠಕ್ಕೆ ಮುಂಚೆ ಅವರಿಗೊಂದು ಫೋನ್ ಮಾಡುತ್ತೇನೆ. ಕುಣಿಗಲ್ ದಾಟಿದರೆ ಅವರಿಗೆ ನಿದ್ದೆ ಬರುವುದಿಲ್ಲ. ಬೊಲಿವಿಯಾದ ಗ್ಯಾಸು, ವೆನೆಜುವೆಲಾದ ಪೆಟ್ರೋಲು ಮಾತ್ರ ಬಾಯಿಪಾಠ.

ಬೊಲಿವಿಯಾದಲ್ಲಿ ಎಡಪಕ್ಷ ಸೋತ ಸುದ್ದಿ ಬಂದ ದಿನ ನಾನು ಊರಿನಲ್ಲೇ ಇದ್ದೆ. ದೊಡ್ಡಪ್ಪ ಅಟ್ಟದಿಂದ ಒಂದು ತೆಂಗಿನಕಾಯಿ ಇಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿದರು.

"ಇನ್ನೂ ನೀರೈತೆ ಕಣಮ್ಮ. ಅವ್ರೂ ಹಿಂಗೇ! ಗ್ಯಾಸ್ ಮಾರಿ ಬಡವ್ರಿಗೆ ಸ್ಕೂಲು, ಆಸ್ಪತ್ರೆ ಕೊಟ್ರು. ಒಳ್ಳೇದೇ ಮಾಡಿದ್ರು. ರೇಟು ಇಳಿಯೋದೇ ಇಲ್ಲ ಅಂದ್ಕೊಂಡ್ರು, ಅಷ್ಟೇ ತಪ್ಪು."

"ಅವ್ರನ್ನ ಬುಡಿ, ನೀವೇನ್ ಮಾಡಿದ್ರಿ?" ಒಳಗಿನಿಂದ ದೊಡ್ಡಮ್ಮ.

ದೊಡ್ಡಪ್ಪ ಅವಸರವಾಗಿ ಕಾಯಿಯನ್ನು ಮತ್ತೆ ಅಟ್ಟಕ್ಕೆ ಹಾಕಿದರು!

ಯಾಕೆಂದರೆ ಅವರೂ ಒಂದು ಕಾಲಕ್ಕೆ ಸರ್ಕಾರವೇ. ಊರಿನ ತೆಂಗು ಬೆಳೆಗಾರರ ಸಂಘದ ಅಧ್ಯಕ್ಷರು! ಕೊಬ್ಬರಿ ರೇಟು ಏರಿದ ವರ್ಷ ಗೆದ್ದವರೇ ಹೆಣ್ಣುಮಕ್ಕಳಿಗೆ ಗುಬ್ಬಿ ಕಾಲೇಜಿಗೆ ಪುಕ್ಕಟೆ ವ್ಯಾನು ಬಿಟ್ಟರು. ಬಸ್ಸಿನ ಕಾಟಕ್ಕೆ ಓದು ಬಿಟ್ಟಿದ್ದ ನಾವು ಐದಾರು ಜನ ಮತ್ತೆ ಪುಸ್ತಕ ಹಿಡಿದೆವು. ದುಡ್ಡೆಲ್ಲಿ ಎಂದು ಕೇಳಿದವರಿಗೆ ಅವರ ಉತ್ತರ, "ಅಟ್ಟದ ಮೇಲೈತೆ!"

ಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಹೆಚ್ಚುಕಮ್ಮಿ ವರ್ಷ ಕೂರಬೇಕು. ಒಳಗೆ ಇನ್ನೂ ನೀರಾಡುವ ಕಾಯಿ ನಂಬಿ ವ್ಯಾನು ಓಡಿಸಿದ ಮಹಾನುಭಾವ ಇನ್ನೊಬ್ಬರಿದ್ದಾರೆಯೇ? ನೀರು ಬತ್ತುವ ಹೊತ್ತಿಗೆ ರೇಟೂ ಬಿತ್ತು, ಚುನಾವಣೆಯಲ್ಲಿ ದೊಡ್ಡಪ್ಪನೂ ಬಿದ್ದರು. ಮಗಳನ್ನು ಅದೇ ವ್ಯಾನಿನಲ್ಲಿ ಕಳಿಸುತ್ತಿದ್ದ ನಮ್ಮಪ್ಪನೇ ಸ್ವಂತ ಅಣ್ಣನಿಗೆ ವೋಟು ಹಾಕಲಿಲ್ಲ!

ಹೊಸಬರು ಮೊದಲು ನಿಲ್ಲಿಸಿದ್ದು ವ್ಯಾನನ್ನು. ಮಾರನೆಯ ದಿನ ನನ್ನ ಕೊನೆಯ ವರ್ಷದ ಪರೀಕ್ಷೆ. ಬಸ್ಸು ಬರಲಿಲ್ಲ. ಹಾಲ್ ಟಿಕೆಟ್ ಹಿಡಿದು ರಸ್ತೆ ನೋಡುತ್ತ ನಿಂತಿದ್ದೆ. ದೊಡ್ಡಪ್ಪ ಮೊಪೆಡ್ಡಿನಲ್ಲಿ ಬಂದರು. ಹಿಂದೆ ಕಟ್ಟಿದ್ದ ಕಾಯಿ ಚೀಲ ಬಿಚ್ಚಿ ಅಲ್ಲೇ ಅಂಗಡಿಯ ಜಗಲಿಗೆ ಇಳಿಸಿದರು.

"ಹತ್ತಮ್ಮ."

"ಅಪ್ಪ ನಿಮಗೆ ವೋಟ್ ಹಾಕ್ಲಿಲ್ಲ, ದೊಡ್ಡಪ್ಪ..."

"ಗೊತ್ತು ಕಣವ್ವ. ಬಿದ್ದಿರೋದು ನಾನು, ಗುಬ್ಬಿ ಅಲ್ಲೇ ಐತೆ. ಗಟ್ಟಿಯಾಗಿ ಹಿಡ್ಕೋ."

ಗುಬ್ಬಿ ಬರುವವರೆಗೂ ಅವರ ಬೆನ್ನಿಗೆ ಮುಖ ಒತ್ತಿಕೊಂಡು ಅಳುತ್ತಲೇ ಹೋದೆ.