ಹೋದಾ ದರ್ಶನ

ರಘೂತ್ತಮರಾಯರು ಮೆಸೇಜಿಗೆ ಚುಕ್ಕಿ ಹಾಕುವವರಲ್ಲ. ಓದುವವರಿಗೆ ಬುದ್ಧಿ ಇರುತ್ತದೆ ಎಂಬುದು ಅವರ ನಂಬಿಕೆ. ಅನಾಹುತಕ್ಕೆ ಅದೇ ಕಾರಣವಾಯಿತು.

ಜಪಾನಿನ ರೇಸ್ ಡ್ರೈವರ್ ಹೋದಾ ಎಂದರೆ ರಾಯರಿಗೆ ಪ್ರಾಣ. ಅವನು ಗೆದ್ದದ್ದಕ್ಕಿಂತ ಗೋಡೆಗೆ ಗುದ್ದಿದ್ದೇ ಹೆಚ್ಚು. ಆದರೆ ಗುದ್ದಿದ ಕಾರಿನಿಂದ ಇಳಿದು ಜನರಿಗೆ ಬಗ್ಗಿ ನಮಸ್ಕರಿಸುತ್ತಿದ್ದ. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಜನ ಅವನನ್ನು ಬಿಟ್ಟಿರಲಿಲ್ಲ. "ಅದೇನು ಅಪಶಕುನದ ಹೆಸರು, ಮನೇಲಿ ಅನ್ಬೇಡಿ" ಎಂದು ಹೆಂಡತಿ ಶಕುಂತಲಾ ತಾಕೀತು ಮಾಡಿದ್ದರಿಂದ, ಡಲ್ಲಾಸ್ ಹತ್ತಿರದ ಲಿಟಲ್ ಎಲ್ಮ್‌ನ ನೆರೆಹೊರೆಗೆಲ್ಲ ಅವನು ಬರೀ 'ರಾಯರ ಜಪಾನಿ'.

ಆ ಶನಿವಾರ ಜಪಾನಿ ಆಸ್ಟಿನ್ ಟ್ರ್ಯಾಕಿನಲ್ಲಿ ಅಭಿಮಾನಿಗಳಿಗೆ ಸಹಿ ಹಾಕುವವನಿದ್ದ. ಅಮೆರಿಕಕ್ಕೆ ಅದೇ ಕೊನೆಯ ಭೇಟಿಯಂತೆ. ತಮ್ಮ ಹಳೆಯ ಕೆಂಪು ಟೋಪಿಯ ಮೇಲೆ ಆ ಸಹಿ ಬಿದ್ದರೆ ಸಾಕು, ರಾಯರಿಗೆ ಬೇರೇನೂ ಬೇಡ. ಶಕುಂತಲಾ ಹ್ಯೂಸ್ಟನ್ನಿನ ಮಗಳ ಮನೆಗೆ ಹೋಗಿದ್ದಳು. ಕಾರಿನಲ್ಲಿ ಜೊತೆಗೆ ಯಾರಾದರೂ ಬರಲಿ ಎಂದು ರಾಯರು ಧೈರ್ಯವಾಗಿ ಕನ್ನಡಿಗರ ಗ್ರೂಪಿಗೆ ಬರೆದರು:

"ಎಲ್ಲರಿಗೂ ನಮಸ್ಕಾರ ರಘೂತ್ತಮ ಹೋದಾ ದರ್ಶನಕ್ಕೆ ಬರುವವರು ಬೇಗ ಮನೆಗೆ ಬನ್ನಿ ತಡವಾದರೆ ಮುಖ ನೋಡಲು ಸಿಗಲ್ಲ"

ಮುಂಬಾಗಿಲು ತೆರೆದಿಟ್ಟು, ಟೋಪಿಯನ್ನು ಮೇಜಿನ ಮೇಲಿಟ್ಟು, ಮಹಡಿಗೆ ಸ್ನಾನಕ್ಕೆ ನಡೆದರು. ರಾಯರ ಸ್ನಾನ ಮನಸ್ಸಿನಲ್ಲೇ ಹೇಳಿಕೊಳ್ಳುವ ಸ್ತೋತ್ರಗಳೆಲ್ಲ ಮುಗಿಯುವವರೆಗೆ, ಗಂಟೆಗೂ ಹೆಚ್ಚು ನಡೆಯುತ್ತದೆ.

ಇಳಿದು ಬರುವಾಗ ಮನೆಯ ಹಿಂದಿನ ಕೆರೆಯ ಮಂಜು ಕಿಟಕಿಗಳಿಗೆ ಮೆತ್ತಿಕೊಂಡಿತ್ತು. ಕೆಳಗೆ ಬಿಳಿ ಬಟ್ಟೆಯ ಜನ ಮೆಟ್ಟಿಲಿಗೆ ಬೆನ್ನು ಮಾಡಿ ಸುಮ್ಮನೆ ಕೂತಿದ್ದರು. ಅವರ ಆಚೆ ಯಾವುದೋ ದೀಪ ಅಲುಗದೆ ಉರಿಯುತ್ತಿತ್ತು. ರಾಯರ ಮೈ ಜುಮ್ಮೆಂದಿತು.

"ಶಕುಂತಲಾ ಊರಾಗಿಲ್ಲ, ಹೆಣಾ ಇನ್ನೂ ದವಾಖಾನಿಂದ ಬಂದಿಲ್ಲ, ಮನ್ಯಾಗ ಯಾರೂ ಇಲ್ಲ," ಪಕ್ಕದ ಮನೆಯ ಸುಮಿತ್ರವ್ವ ಗಂಡನಿಗೆ ಪಿಸುಗುಟ್ಟಿದರು. "ಮತ್ತ ಮೆಸೇಜ್ ಕಳ್ಸಿದ್ದು ಯಾರ್ರೀ?"

"ಅವರ ಫೋನಿಂದನ ಬಂದದ," ಎಂದರು ನೀಲಕಂಠಪ್ಪ.

"ಇಷ್ಟೊತ್ತನ ಮ್ಯಾಲೆ ನೀರಿನ ಸಪ್ಪಳ ಬರಾಕತ್ತಿತ್ತು. ಈಗ ನಿಂತದ."

ತಲೆಯೆತ್ತಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ನೀಲಕಂಠಪ್ಪ ಅವಸರದಿಂದ ಮಾತು ಬದಲಿಸಿದರು. "ಹೋದವ್ರು ಭಾಳ ಛಲೋ ಮನಷ್ಯಾ. ಡ್ರೈವಿಂಗ್ ಒಂದ ಕೆಟ್ಟದ್ದಿತ್ತು."

ರಾಯರ ಭಯ ಹಾರಿ ಸಿಟ್ಟು ನೆತ್ತಿಗೇರಿತು. ತಮ್ಮ ಮನೆಯಲ್ಲೇ ಕೂತು ಹೋದಾನನ್ನು ಬೈಯುವುದೇ!

"ಏನ್ರೀ ಹಾಗಂತೀರಾ?" ಹಿಂದಿನಿಂದ ಗುಡುಗಿದರು. "ಆ ಡ್ರೈವಿಂಗಿಗೆ ಜನ ಈಗ್ಲೂ ಸಾಯ್ತಾರೆ!"

ತಿರುಗಿದವರಿಗೆ ಕಂಡದ್ದು ಬಿಳಿ ಪಂಚೆ, ಕೆದರಿದ ಒದ್ದೆ ಕೂದಲು. ಸುಮಿತ್ರವ್ವ ಕೂತಲ್ಲೇ ಒರಗಿದರು. ರಾಯರಿಗೆ ಕಂಡದ್ದು ದೀಪದ ಹಿಂದೆ, ಹಾರ ಹಾಕಿಸಿಕೊಂಡು ನಗುತ್ತಿದ್ದ ತಮ್ಮದೇ ಫೋಟೊ. ಅವರೂ ಒರಗುವುದು ಸ್ವಲ್ಪದರಲ್ಲಿ ತಪ್ಪಿತು.

ಹೋದಾ ಯಾರು, ಹೋದದ್ದು ಯಾರು ಎಂದು ಎಲ್ಲರಿಗೂ ಬಿಡಿಸಿ ಹೇಳಿದ ಮೇಲೆ ರಾಯರ ಕಣ್ಣು ಮೇಜಿನತ್ತ ಹೋಯಿತು. "ನನ್ನ ಟೋಪಿ?"

"ನಿಮ್ಮ ಕಡೀ ಆಸೆ ಅಂತ ನಮ್ಮ ವಿನಾಯಕ್ ಆಸ್ಟಿನ್ನಿಗೆ ಒಯ್ದಾನ್ರೀ, ನಿಮ್ಮ ಜಪಾನಿ ಕಡಿಂದ ಸಹಿ ಮಾಡಿಸಾಕ," ಎಂದರು ನೀಲಕಂಠಪ್ಪ. ಮಗನಿಗೆ ಫೋನ್ ಮಾಡಿದರು. ಡ್ರೈವ್ ಮಾಡುವಾಗ ಅವನು ಎತ್ತುವವನಲ್ಲ.

ರಾಯರು ಕಾರು ಹತ್ತಿದರು. ಸುಮಿತ್ರವ್ವ ದೃಷ್ಟಿ ತೆಗೆಯದೆ ಬಿಡಲಿಲ್ಲ. ಡಲ್ಲಾಸ್ ದಾಟುವಾಗ ಟ್ರಾಫಿಕ್ ಬಿಡಲಿಲ್ಲ. ಆಸ್ಟಿನ್ ಮುಟ್ಟಿದಾಗ ಟ್ರ್ಯಾಕಿನ ಸುತ್ತ ಜನವೇ ಇರಲಿಲ್ಲ. ಗೇಟಿನ ಬಳಿ ವಿನಾಯಕ್ ಅವರನ್ನು ನೋಡಿದ್ದೇ ಕೈಯಲ್ಲಿದ್ದ ಕಾಫಿ ಚೆಲ್ಲಿಕೊಂಡ.

"ಅಂಕಲ್... ನೀವು..."

"ಬದುಕಿದ್ದೀನಿ ಕಣಪ್ಪಾ! ಟೋಪಿ ಕೊಡು."

ಸಹಿ ಚೆನ್ನಾಗಿಯೇ ಬಿದ್ದಿತ್ತು. ಅದರ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು: ದಿವಂಗತ ರಘೂತ್ತಮ ಅವರ ಆತ್ಮಕ್ಕೆ.

"ನೀವು ತೀರ್ಕೊಂಡ್ರಿ ಅಂತ ಹೇಳ್ತಿದ್ದಂಗೇ ನಿಮ್ಮ ಜಪಾನಿ ಅತ್ತುಬಿಟ್ರು ಅಂಕಲ್," ಎಂದ ವಿನಾಯಕ್.

"ನಡಿ, ತಿದ್ದಿಸೋಣ. ಹೋದಾ ಎಲ್ಲಿ?"

"ಹೋದಾ ಹೋದ್ರು ಅಂಕಲ್."

ಗೇಟು ಹಾಕಲು ಬಂದ ಕಾವಲುಗಾರ ಟೋಪಿಯ ಮೇಲಿನ ಅಕ್ಷರಗಳನ್ನು ಓದಿದ. ತನ್ನ ಹ್ಯಾಟು ತೆಗೆದು, ಮೆಲ್ಲನೆ ಇಂಗ್ಲಿಷಿನಲ್ಲಿ ಕೇಳಿದ: "ನಿಮಗೆ ಹತ್ತಿರದವರಾ?"

"ತುಂಬಾ," ಎಂದರು ರಾಯರು.