ಪಿಕ್ನಿಕ್ ಜಾಗದಲ್ಲಿ ಸಂಸಾರ

ನಮ್ಮ ಯಜಮಾನರನ್ನ ಕಟ್ಟಿಕೊಂಡ ಮೇಲೆ ನನಗೆ ನಗೋದಕ್ಕೆ ಯಾವತ್ತೂ ಬರ ಬಂದಿಲ್ಲ. ಒಂದು ಎಡವಟ್ಟು ಮುಗೀತು ಅಂತ ಸೆರಗು ಕೊಡವಿ ಎದ್ದರೆ ಇನ್ನೊಂದು ಹೊಸ್ತಿಲಲ್ಲಿ ಕಾದಿರುತ್ತೆ. ಈಗ ಹೇಳ್ತಿರೋವೆಲ್ಲ ನಾವು ಮನೆ ಬದಲಾಯಿಸಿದ ಮೇಲಿನವು.

ನಾವು ತುಮಕೂರಿನ ಉಪ್ಪಾರಹಳ್ಳಿಯವರು. ಇಬ್ಬರಿಗೂ ಗುಬ್ಬಿಯಲ್ಲಿ ಕೆಲಸ, ನಾನು ಹೈಸ್ಕೂಲಲ್ಲಿ ಮೇಡಮ್ಮು, ಅವರು ಒಂದು ಆಫೀಸಲ್ಲಿ ಗುಮಾಸ್ತರು. ವಾರವೆಲ್ಲ ಗುಬ್ಬಿ ಬಸ್ಸಲ್ಲಿ ನಿಂತು ಕಾಲು ಬಿದ್ದು ಹೋಗಿದ್ರೂ ಸರಿ, ಭಾನುವಾರ ಬಂತು ಅಂದ್ರೆ ಟಿಫನ್ ಕ್ಯಾರಿಯರಲ್ಲಿ ಪುಳಿಯೋಗರೆ ತುಂಬಿಸಿಕೊಂಡು ಸ್ಕೂಟರಲ್ಲಿ ದೇವರಾಯನದುರ್ಗಕ್ಕೆ ಹೊರಡಲೇಬೇಕು. ಬೆಟ್ಟದ ಮೇಲೆ ನಮ್ಮದೇ ಅಂತ ಒಂದು ಬಂಡೆ ಇತ್ತು. ಅದರ ಮೇಲೆ ಕೂತು ತಿನ್ನೋದು, ಗಾಳಿಗೆ ಮುಖ ಕೊಡೋದು, ಸಂಜೆ ಮನೆಗೆ ಬರೋದು. ಮದುವೆಯಾದಾಗಿಂದ ರಿಟೈರ್ ಆಗೋವರೆಗೂ ಇದೇ.

ರಿಟೈರ್ ಆದ ಮೇಲೆ ಇವರು, "ಇನ್ನು ಬೆಟ್ಟದ ಬುಡದಲ್ಲೇ ಇದ್ದುಬಿಡೋಣ ಕಣೇ" ಅಂದ್ರು. ಊರ್ಡಿಗೆರೆ ದಾಟಿದ ಮೇಲೆ ದುರ್ಗದ ರಸ್ತೆಯಲ್ಲೇ ಒಂದು ಹೆಂಚಿನ ಮನೇನೂ ನೋಡಿ ಬಂದ್ರು. ನನಗೆ ಉಪ್ಪಾರಹಳ್ಳಿ ಬಿಡೋ ಮನಸ್ಸೇ ಇರಲಿಲ್ಲ. ಒಂದು ವರ್ಷ ನೋಡೋಣ, ಅಲ್ಲಿವರೆಗೂ ಈ ಮನೆ ಬಾಡಿಗೆಗೆ ಇರಲಿ, ನನಗೆ ಹಿಡಿಸದೆ ಇದ್ರೆ ಮಾತಿಲ್ಲದೆ ವಾಪಸ್ಸು ಬರಬೇಕು ಅಂತ ಷರತ್ತು ಹಾಕಿದೆ. ತವರಿನವರು ಕೊಟ್ಟ ಪಾತ್ರೆಗಳ ಟ್ರಂಕನ್ನ ಅಲ್ಲೀವರೆಗೂ ಬಿಚ್ಚಲ್ಲ ಅಂತಲೂ ಹೇಳಿದೆ. ಪಾಪ, ಅವರು ಎಲ್ಲದಕ್ಕೂ ಹೂಂ ಅಂದ್ರು.

ಉಬ್ಬಸ

ಹೊಸ ಮನೆಯಲ್ಲಿ ಮೊದಲನೇ ಬೆಳಗ್ಗೆ. ಇವರು ಅಂಗಳದಲ್ಲಿ ಬೆಟ್ಟದ ಕಡೆ ಮುಖ ಮಾಡಿ ನಿಂತು, ಎರಡೂ ಕೈ ಅಗಲಿಸಿ, ಕಣ್ಣು ಮುಚ್ಚಿ ಉಸಿರು ಎಳೀತಿದ್ರು. ಎಳೆದಷ್ಟೂ ಸಾಲದು, ಬಿಡೋಕೂ ಮನಸ್ಸಿಲ್ಲ.

ಪಕ್ಕದ ಮನೆ ಅಜ್ಜಿ ಹಸು ಹೊಡ್ಕೊಂಡು ಹೊಲಕ್ಕೆ ಹೊರಟಿದ್ದೋರು ನಿಂತು ನೋಡಿದ್ರು. ಹಸೂನ ಅಲ್ಲೇ ಗೂಟಕ್ಕೆ ಕಟ್ಟಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಲೋಟದ ತುಂಬ ಕಪ್ಪಗಿರೋ ಕಷಾಯ ತಂದು ನನ್ನ ಕೈಗಿಟ್ಟರು. "ಹಿಂಗೇ ಬುಟ್ರೆ ಜಾಸ್ತಿ ಆಯ್ತದೆ ಕಣವ್ವ. ನಮ್ಮನೆಯೋರ್ಗೂ ಇದೇ ಉಬ್ಸ ಇತ್ತು."

ಪ್ರಕೃತಿ ಸೌಂದರ್ಯ ಅಂತ ಅಜ್ಜಿಗೆ ಹೇಗೆ ಹೇಳೋದು? ಮೊದಲನೇ ದಿನವೇ ಅಕ್ಕಪಕ್ಕದವರ ಮನಸ್ಸು ನೋಯಿಸಬಾರದು ಅಂತ ಇವರು ಗಟಗಟ ಕುಡಿದ್ರು. ಅದೇ ತಪ್ಪಾಗಿದ್ದು. ಅಜ್ಜಿ ದಿನಾ ತರೋಕೆ ಶುರು ಮಾಡಿದ್ರು. ಒಂದು ವಾರ ಆದ ಮೇಲೆ ಇವರು ಬೆಟ್ಟ ನೋಡಬೇಕು ಅಂದ್ರೆ ಬಚ್ಚಲ ಮನೆ ಕಿಟಕಿಯಿಂದ ನೋಡ್ತಿದ್ರು, ಅದೂ ಉಸಿರು ಬಿಗಿಹಿಡಿದು.

ಕೋತಿಗಳ ವಾರದ ರಜೆ

ನಾವು ಬೆಟ್ಟಕ್ಕೆ ಹೋಗ್ತಿದ್ದ ಕಾಲದಲ್ಲಿ ಇವರಿಗೆ ಕೋತಿಗಳ ಮೇಲೆ ಎಂಥ ಪ್ರೀತಿ ಅಂತೀರ! ಪಾಪ, ಮೂಕ ಪ್ರಾಣಿ ಅಂತ ನನ್ನ ಪಾಲಿನ ಕಡಲೆಕಾಯೀನೂ ಎಸೀತಿದ್ರು.

ಈಗ ಆ ಮೂಕ ಪ್ರಾಣಿಗಳೇ ಮನೆ ಹುಡುಕ್ಕೊಂಡು ಬಂದ್ವು. ಹೆಂಚು ಸರಿಸಿ ಅಡುಗೆ ಮನೆಗೆ ಇಳಿದ್ವು. ನಾನು ಬೆಳಗ್ಗೆಯಿಂದ ಸೊಂಟ ಬಗ್ಗಿಸಿ ಇಟ್ಟಿದ್ದ ಸಂಡಿಗೇನ ಒಂದೂ ಬಿಡದೆ ಎತ್ತಿಕೊಂಡು ಹೋದ್ವು. ಇವರು ಕೋಲು ತಗೊಂಡು ಅಟ್ಟಿಸಿಕೊಂಡು ಹೋದ್ರೆ ಒಂದು ದಡಿಯ ಕೋತಿ ತೆಂಗಿನ ಮರದ ಮೇಲೆ ಕೂತು ಇವರ ಕನ್ನಡಕ ಹಾಕಿಕೊಂಡು ನೋಡ್ತಿತ್ತು. ಗುಬ್ಬಿ ಆಫೀಸಲ್ಲಿ ಇವರು ಕೂರ್ತಿದ್ದಿದ್ದೂ ಹಾಗೇ ಕಣ್ರೀ, ಸುಳ್ಳು ಯಾಕೆ ಹೇಳಲಿ.

ಕೊನೆಗೆ ನಾನೇ ಒಂದು ವಿಷಯ ಕಂಡುಹಿಡಿದೆ. ಭಾನುವಾರ ಮಾತ್ರ ಒಂದು ಕೋತಿಯೂ ಬರೋದಿಲ್ಲ. ಏನಪ್ಪಾ ಅಂದ್ರೆ, ಅವತ್ತು ತುಮಕೂರಿಂದ ಜನ ಕಡಲೆಕಾಯಿ ಹಿಡ್ಕೊಂಡು ಬೆಟ್ಟಕ್ಕೆ ಬರ್ತಾರಲ್ಲ, ಅವಕ್ಕೆಲ್ಲ ಮೇಲೆ ಡ್ಯೂಟಿ. ಆಮೇಲಿಂದ ಸಂಡಿಗೆ, ಹಪ್ಪಳ, ಒಣಮೆಣಸಿನಕಾಯಿ, ಎಲ್ಲವನ್ನೂ ನಾನು ಭಾನುವಾರವೇ ಒಣಗಿಸೋದು. ಅವತ್ತು ಇವರು ಕನ್ನಡಕಾನೂ ಧೈರ್ಯವಾಗಿ ಹಾಕ್ಕೊಂಡು ಓಡಾಡ್ತಾರೆ.

ನಾದಿನಿ ತೋರಿಸಿದ ಬೆಟ್ಟ

ಕುಣಿಗಲ್ಲಿಂದ ನನ್ನ ನಾದಿನಿ ಗಂಡ ಮಕ್ಕಳ ಸಮೇತ ಬಂದಳು. ಬಂದವಳೇ, "ಅತ್ತಿಗೆ, ನೀವು ಪುಣ್ಯ ಮಾಡಿದ್ರಿ ಬಿಡಿ, ದಿನಾ ಬೆಟ್ಟ ಹತ್ತಬಹುದು" ಅಂದಳು. ನಾನು ಮುದ್ದೆಗೆ ಎಸರಿಟ್ಟೆ. ಅಷ್ಟು ಜನಕ್ಕೆ ಅಡುಗೆ ಆಗಬೇಕು, ನಾನೆಲ್ಲಿ ಹೊರಡಲಿ? ಅವರೆಲ್ಲ ಬೆಟ್ಟಕ್ಕೆ ಹೋದ್ರು. ನಮ್ಮವರು ಕೋತಿ ಕಾಯೋಕೆ ಅಂತ ಉಳ್ಕೊಂಡ್ರು.

ಸಂಜೆ ಬಂದು ಉಂಡ ಮೇಲೆ ನಾದಿನಿ ಎಲೆ ಅಡಿಕೆ ಹಾಕ್ಕೊಂಡು ವರ್ಣನೆಗೆ ಕೂತಳು. ಮೇಲೆ ಒಂದು ಬಂಡೆ ಇದೆಯಂತೆ, ಅಲ್ಲಿ ಕೂತ್ರೆ ಎದ್ದೇಳೋಕೇ ಮನಸ್ಸು ಬರಲ್ವಂತೆ, ಆ ಗಾಳಿಯೇ ಬೇರೆಯಂತೆ. "ಒಂದು ಸಲ ಬಿಡುವು ಮಾಡ್ಕೊಂಡು ನೋಡಿ ಬನ್ನಿ ಅತ್ತಿಗೆ" ಅಂತ ನನಗೇ ಹೇಳಿದಳು.

ಆಗ ಹೊಳೀತು. ಇಲ್ಲಿಗೆ ಬಂದ ಮೇಲೆ ನಾವು ಒಂದೇ ಒಂದು ಸಲವೂ ಬೆಟ್ಟ ಹತ್ತಿರಲಿಲ್ಲ! ಇಲ್ಲೇ ಇದೆಯಲ್ಲ, ನಾಳೆ ಹೋದ್ರಾಯ್ತು ಅಂತ ವರ್ಷ ಮುಗಿಯುತ್ತಾ ಬಂದಿತ್ತು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಅವರು ಹೊರಟ ಮೇಲೆ ಇವರಿಗೆ ಹೇಳಿದೆ: "ಈ ಭಾನುವಾರ ಬೆಟ್ಟಕ್ಕೆ. ಅದೂ ಆಗಲಿಲ್ಲವಾ, ಮಾರನೇ ದಿನ ಉಪ್ಪಾರಹಳ್ಳಿಗೆ."

ಇವರ ಮುಖ ಬಾಡಿಹೋಯ್ತು. ಎರಡು ದಿನ ಅಜ್ಜಿಯ ಕಷಾಯಾನೂ ತಾವೇ ಕೇಳಿ ಕುಡಿದ್ರು.

ಮನೆಗೆ ವಾಪಸ್ಸು

ಭಾನುವಾರ ಪುಳಿಯೋಗರೆ ಕಲಸಿದೆ. ಟಿಫನ್ ಕ್ಯಾರಿಯರ್ ಆ ಟ್ರಂಕಲ್ಲಿತ್ತು. ಬೇರೆ ದಾರಿ ಇಲ್ಲದೆ ಬೀಗ ತೆಗೆದೆ. ಇವರು ಓರೆಗಣ್ಣಲ್ಲಿ ನೋಡಿದ್ರು. "ಆಸೆ ಇಟ್ಕೋಬೇಡಿ, ಕ್ಯಾರಿಯರ್ ಒಂದೇ ತೆಗೀತಿರೋದು" ಅಂದೆ.

ನಮ್ಮ ಬಂಡೆ ಹಾಗೇ ಇತ್ತು. ಅದೇ ಗಾಳಿ. ಇವರು ತಮ್ಮ ಪಾಲಿನ ಕಡಲೆಕಾಯೀನ ಕೋತಿಗೂ ಹಾಕಲಿಲ್ಲ, ನನಗೇ ಸುಲಿದು ಕೊಟ್ರು. ನನಗೆ ಎಷ್ಟು ಸಂತೋಷವಾಯ್ತು ಅಂದ್ರೆ, ಬಾಯಿಬಿಟ್ಟು ಹೇಳಿದ್ರೆ ಇವರು ಕೊಬ್ಬಿಬಿಡ್ತಾರೆ ಅಂತ ಸುಮ್ಮನಾದೆ.

ಸಂಜೆ ಸ್ಕೂಟರ್ ಹತ್ತಿದ್ವಿ. ನಾನು ಕ್ಯಾರಿಯರ್ ತೊಡೆ ಮೇಲಿಟ್ಟುಕೊಂಡು ನಾದಿನಿಯನ್ನ ಬೈಯ್ಯೋಕೆ ಶುರು ಮಾಡಿದೆ. ಇವರು ತಂಗಿ ಪರ ವಹಿಸಿಕೊಂಡ್ರು. ಮಾತಿಗೆ ಮಾತು ಬೆಳೀತು. ಗೇಟಿನ ಮುಂದೆ ಗಾಡಿ ನಿಂತಾಗ ನಾನಿನ್ನೂ ಅವಳ ಮದುವೆ ಕಾಲದ ವಿಷಯದಲ್ಲೇ ಇದ್ದೆ. ಇಳಿದು, ಗೇಟಿನ ಸಂದಿಯಲ್ಲಿ ಕೈ ತೂರಿಸಿ ಚಿಲಕ ತೆಗೆದೆ. ನೋಡಿದ್ರೆ ಒಳಗೆ ದೀಪ ಉರೀತಿದೆ.

"ಲೈಟ್ ಆರಿಸದೇ ಬಂದಿದೀರಲ್ರೀ!" ಅಂತ ರೇಗಿದೆ.

ನೀನೇ ಕೊನೆಗೆ ಬಂದಿದ್ದು ಅಂತ ಗೊಣಗ್ತಾ ಇವರು ಬಾಗಿಲಿಗೆ ಕೀಲಿ ಹಾಕಿದ್ರು. ತಿರುಗಲಿಲ್ಲ. ಮತ್ತೆ ಹಾಕಿ ಅಲ್ಲಾಡಿಸಿದ್ರು. ಅಷ್ಟರಲ್ಲಿ ಬಾಗಿಲು ತಾನಾಗೇ ತೆಗೀತು. ಎದುರಿಗೆ ನಮ್ಮ ಬಾಡಿಗೆ ಹುಡುಗಿ, ಕೈಯಲ್ಲಿ ಸೌಟು.

ಉಪ್ಪಾರಹಳ್ಳಿ! ಮೂವತ್ತು ವರ್ಷದ ಅಭ್ಯಾಸ ನೋಡಿ, ನಮ್ಮ ಮನೆ ಮುಂದೇನೇ ಹಾದು, ಊರ್ಡಿಗೆರೆ ದಾಟಿ, ತುಮಕೂರಿಗೇ ಬಂದುಬಿಟ್ಟಿದ್ವಿ.

ಆ ಹುಡುಗಿ ಇವರ ಕೈಯಲ್ಲಿದ್ದ ಕೀಲಿ ನೋಡಿದಳು, ನನ್ನ ಕೈಯಲ್ಲಿದ್ದ ಪಾತ್ರೆ ನೋಡಿದಳು. ಮುಖ ಇಷ್ಟು ಸಣ್ಣಗಾಯ್ತು. "ಆಂಟಿ, ನೀವು ವಾಪಸ್ ಬಂದುಬಿಟ್ರಾ? ನಾವು ಖಾಲಿ ಮಾಡಬೇಕಾ?"

ಇವರು ನನ್ನ ಮುಖವನ್ನೇ ನೋಡ್ತಾ ನಿಂತ್ರು. ಉಸಿರೂ ಬಿಡಲಿಲ್ಲ.

"ಇಲ್ಲ ಕಣಮ್ಮ, ನೀವು ಆರಾಮಾಗಿರಿ" ಅಂದೆ. "ನಾವು ಮನೆಗೆ ಹೊರಟಿದ್ವಿ. ಸ್ವಲ್ಪ ಮುಂದಕ್ಕೆ ಬಂದುಬಿಟ್ವಿ."

ಅವಳಿಗೆ ನಮ್ಮ ಬಗ್ಗೆ ಕನಿಕರ ಬಂತು ಅಂತ ಕಾಣುತ್ತೆ. ಕಾಫಿ ಕೊಟ್ಟಳು. ಹೊರಡುವಾಗ ಮೆಲ್ಲಗೆ, "ಅಂಕಲ್, ನಿಮ್ಮನೆಗೆ ಲೊಕೇಶನ್ ಹಾಕಿಕೊಡ್ಲಾ?" ಅಂತ ಕೇಳಿದಳು.

ಇವರು ಬೇಡ ಅಂದ್ರು. ಆದ್ರೆ ಊರ್ಡಿಗೆರೆ ಇನ್ನೂ ಎಷ್ಟೋ ದೂರ ಇರುವಾಗಲೇ ಇಂಡಿಕೇಟರ್ ಹಾಕಿ, ಮನೆ ಬರೋವರೆಗೂ ಆರಿಸಲೇ ಇಲ್ಲ.