ಎರಡಕ್ಷರ ದಾಟದ ಕೂಸುಗಳು

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆದರೆ ಸಾಕು, ಒಂದನೇ ಕ್ಲಾಸಿಗೆ ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು ನನ್ನ ತಲೆ ಕೆಡಿಸಲೆಂದೇ ಒಂದೊಂದು ಹೆಸರು ಹಿಡಿದು ಬರುತ್ತಾರೆ. ಕನಕಪುರ, ಚನ್ನಪಟ್ಟಣ, ಈಗ ಮಾಗಡಿ, ಮೂರೂ ಕಡೆ ಟೀಚರಾಗಿ ನೋಡಿದ್ದೇನೆ. ಕಾಯಿಲೆ ಒಂದೇ: ಹೆಸರು ಎರಡಕ್ಷರ ದಾಟಬಾರದು. ಗುಂಡ, ಕಾಳ, ಪುಟ್ಟಿ ಮೊದಲಿಂದಲೂ ಇದ್ದವಲ್ಲ ಅಂದರೆ, ಅವು ಹಳ್ಳಿ ಹೆಸರಂತೆ. ಹಾಗನ್ನುವವರ ಮನೆ ಮುಂದೆಯೇ ತಿಪ್ಪೆ ಇರುತ್ತದೆ.

ಬೆಳಕೋ ಬೆಳಕು

ದೊಡ್ಡಆಲಹಳ್ಳಿ ಕಡೆಯ ಒಬ್ಬ ಅಪ್ಪ, ಮಗನ ಹೆಸರು "ಝಿಯು" ಅಂದ. ಅರ್ಥ ಕೇಳಿದೆ.

"ಬೆಳಕು ಅಂತ ಮೇಡಂ. ಸಂಸ್ಕೃತ."

"ಯಾರು ಹೇಳಿದ್ರು?"

"ಮೊಬೈಲ್‌ನಾಗೆ ಐತೆ."

ಅವನ ಹಿಂದೆ ನಿಂತಿದ್ದವನ ಮಗಳು "ಲೂಮಿ". ಅದೂ ಬೆಳಕೇ. ಅವನು ಮುಂದಿನವನನ್ನು ದುರುಗುಟ್ಟಿ ನೋಡಿ, "ನಮ್ದು ಗ್ರೀಕ್ ಬೆಳಕು ಮೇಡಂ" ಅಂದ.

"ಗ್ರೀಸ್ ಎಲ್ಲೈತಪ್ಪ?"

"ಬಾಂಬೆಯಿಂದ ಒಸಿ ಆಚೆ ಇರ್ಬೇಕು."

ಆ ವರ್ಷ ಅರ್ಧ ಕ್ಲಾಸೇ ಬೆಳಕು. ಆದರೂ ಕರೆಂಟ್ ಹೋದರೆ ಬೋರ್ಡು ಕಾಣುತ್ತಿರಲಿಲ್ಲ.

ಇನ್ನೊಬ್ಬರಿಗೆ ಇರಬಾರದ ಹೆಸರು

ವಿರೂಪಾಕ್ಷಿಪುರದ ಹತ್ತಿರ ಕುರಿ ಸಾಕುವ ಒಂದು ಮನೆ. ಊರಲ್ಲಿ ಇನ್ನೊಬ್ಬರಿಗೆ ಇರಬಾರದು ಅಂತ ಗಂಡ ಹೆಂಡತಿ ತಿಂಗಳುಗಟ್ಟಲೆ ಕಿತ್ತಾಡಿ ಮಗಳಿಗೆ "ರೂಯಿ" ಎಂದು ಇಟ್ಟಿದ್ದರು. ಮಗು ಶಾಲೆಗೆ ಬರಲಿಲ್ಲವೆಂದು ವಿಚಾರಿಸಲು ಹೋದರೆ, ತಾಯಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಮ್ ಮಾವ ಆ ಹೆಸ್ರನ್ನ ಕುರಿಮರಿಗೂ ಇಕ್ಕವ್ರೆ ಮೇಡಂ."

ಜಗಲಿಯಲ್ಲಿದ್ದ ಮಾವನಿಗೆ ಯಾವ ಸಂಕೋಚವೂ ಇರಲಿಲ್ಲ. "ಕರ್ಯಾಕೆ ಸಲೀಸಾಗೈತೆ ಕಣವ್ವ, ನೀನೇ ನೋಡು" ಎಂದು ಗಟ್ಟಿಯಾಗಿ "ರೂಯೀ" ಅಂತ ಕೂಗಿದ.

ಮರಿ ಓಡಿ ಬಂತು. ಮಗು ಮೊಬೈಲಿನಿಂದ ತಲೆ ಎತ್ತಲಿಲ್ಲ.

ನಮ್ಮ ಮನೆ ತೊಟ್ಟಿಲು

ಹೋದ ವರ್ಷ ನನಗೇ ಮೊಮ್ಮಗ ಹುಟ್ಟಿದ. ಸೊಸೆಯೂ ಮೊಬೈಲ್ ಹಿಡಿದು ಕೂತಳು. ನನ್ನದು ಒಂದೇ ಹಠ: ತೀರಿಕೊಂಡ ನಮ್ಮ ಯಜಮಾನರ ಹೆಸರೇ ಆಗಬೇಕು. ಮನೆದೇವರ ಹೆಸರು ಸೇರಿದ, ಬಾಯಿ ತುಂಬುವ ಹೆಸರು. ಅವರು ಹೋದ ಮೇಲೆ ಆ ಹೆಸರು ಹಿಡಿದು ಕೂಗುವವರು ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಅದು ಮನೆಯಲ್ಲಿ ಮತ್ತೆ ಕೇಳಿಸಬೇಕೆಂದು ನನಗೆ ತುಂಬ ಆಸೆಯಿತ್ತು. ಸೊಸೆ ಅತ್ತಳು. ನಾನು ಊಟ ಬಿಟ್ಟೆ. ಕೊನೆಗೆ ಅವಳೇ ಸೋತು, "ಆಯ್ತು ಅತ್ತೆ, ನಾಮಕರಣದ ದಿನ ಮಗೂ ಕಿವೀಲಿ ನೀವು ಏನಂತೀರೋ ಅದೇ ಹೆಸ್ರು. ನಾನು ಉಸಿರೆತ್ತಲ್ಲ" ಅಂದಳು.

ಆ ದಿನ ತೊಟ್ಟಿಲ ಸುತ್ತ ನೆಂಟರೋ ನೆಂಟರು. ಗೆದ್ದ ಗತ್ತಿನಲ್ಲೇ ಬಂದು ನಿಂತೆ. "ಮೂರು ಸಲ ಹೇಳಿಯಮ್ಮ" ಅಂದರು ಪುರೋಹಿತರು. ಬಗ್ಗಿ ಬಾಯಿ ತೆರೆದೆ. ಆಗ ಹೊಳೆಯಿತು, ಮದುವೆಯಾದ ಲಾಗಾಯ್ತು ಆ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಗಂಡನ ಹೆಸರನ್ನು ಹೆಂಡತಿ ಹೇಳುವುದು ನಮ್ಮಲ್ಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಬರೆದು ತೋರಿಸಿದವಳು ನಾನು.

"ಹೇಳಿ ಅತ್ಗೆ, ರಾಹುಕಾಲ ಬಂದ್ಬುಡ್ತದೆ" ಎಂದು ಹಿಂದಿನಿಂದ ನಾದಿನಿ ತಿವಿದಳು.

ಮಗು ಥೇಟ್ ನಮ್ಮ ಯಜಮಾನರ ಹಾಗೇ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡುತ್ತಿತ್ತು. ಆ ಮುಖ ಕಂಡಾಗ ಇಷ್ಟು ವರ್ಷ ಏನು ಕರೆದು ರೂಢಿಯಿತ್ತೋ ಅದೇ ಬಾಯಿಗೆ ಬಂತು.

"ರೀ... ರೀ... ರೀ."

ಪುರೋಹಿತರು ಅಕ್ಷತೆ ಹಾಕಿಬಿಟ್ಟರು.

ಸೊಸೆ ಕೊಟ್ಟ ಮಾತಿಗೆ ತಪ್ಪಲಿಲ್ಲ. ಎರಡಕ್ಷರದವರನ್ನೆಲ್ಲ ಆಡಿಕೊಂಡವಳ ಮನೆಯಲ್ಲಿ ಈಗ ಒಂದಕ್ಷರದ ಮೊಮ್ಮಗ. ಅರ್ಥ ಏನು ಎಂದು ಯಾರಾದರೂ ಕೇಳಿದರೆ ಸೊಸೆ ಮೊಬೈಲನ್ನೂ ನೋಡುವುದಿಲ್ಲ.

"ನಮ್ ಮಾವ ಅಂತ" ಅನ್ನುತ್ತಾಳೆ.